ಸೆವಿಲ್‌ನ ಪಾಲಕ್ ಕಡಲೆ

ಮ್ಯಾಂಚೆಸ್ಟರಿನಲ್ಲಿ ಎಂಎಸ್ಸಿ ಓದುತ್ತಿದ್ದ ವರ್ಷ ಫಾಲೋಫೀಲ್ಡಿನ ಒಂದು ಮನೆಯಲ್ಲಿ ನಾನೂ ಧಾರವಾಡದ ಹುಡುಗಿಯೊಬ್ಬಳೂ ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು. ಇಬ್ಬರೂ ಸಸ್ಯಾಹಾರಿಗಳು. ಆದರೆ ನನ್ನದು ಅಭ್ಯಾಸ, ಅವಳದು ವ್ರತ. ಅವಳು ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನು ಬೆರಳಿಟ್ಟು ಓದದೆ ಒಂದು ಚೂರೂ ಬಾಯಿಗೆ ಹಾಕುತ್ತಿರಲಿಲ್ಲ. ಮನೆಯಲ್ಲಿದ್ದ ಇನ್ನೊಬ್ಬಳು ಒಮ್ಮೆ ತಿಳಿಯದೆ ಅವಳ ಬಾಣಲೆಯಲ್ಲಿ ಮೊಟ್ಟೆ ಹುರಿದಳೆಂದು ಬಾಣಲೆಯನ್ನೇ ಕಸದ ಬುಟ್ಟಿಗೆ ಎಸೆದಿದ್ದಳು.

ಸ್ಪೇನಿನ ಸೆವಿಲ್‌ಗೆ ಒಂದು ವಾರಾಂತ್ಯ ಹೋಗಿ ಬರೋಣ ಎಂದವಳು ಅವಳು. ಮೈಮುರಿದು ದುಡಿದವಳು ನಾನು. ಭಾರತದ ಪಾಸ್‌ಪೋರ್ಟಿನವರು ವೀಸಾ ಕೇಳುವಾಗ ಯಾವ ದಿನ ಎಲ್ಲಿರುತ್ತೇವೆ ಎಂದು ಬರೆದು ತೋರಿಸಬೇಕು. ನಾನು ಅಷ್ಟಕ್ಕೇ ನಿಲ್ಲದೆ ಗಂಟೆ ಗಂಟೆಯ ಪಟ್ಟಿಯನ್ನೇ ಮಾಡಿದೆ. ಹತ್ತಕ್ಕೆ ಅರಮನೆ, ಹನ್ನೆರಡಕ್ಕೆ ದೊಡ್ಡ ಚರ್ಚಿನ ಗೋಪುರ, ಒಂದೂವರೆಗೆ ಊಟ. ಎಲ್ಲಿ ಏನು ತಿನ್ನಬೇಕೆಂದೂ ಬರೆದು ಪಕ್ಕದಲ್ಲಿ ‘ವೆಜ್, ಖಚಿತ’ ಎಂದು ಹಾಕಿದೆ. ಆ ಖಚಿತವೆಲ್ಲ ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದನ್ನು ಓದಿದ್ದಷ್ಟೇ.

ಹೊರಡಲು ಒಂಬತ್ತು ದಿನವಿದ್ದಾಗ ಪಕ್ಕದ ಕೋಣೆಯಿಂದ ಮೆಸೇಜು ಬಂತು. ‘ನಮ್ಮ ಅಕ್ಕಾ-ಭಾವ ಬರ್ತಾರಂತ. ಭಾವನ ಕಲೀಗ್ ಒಬ್ರು ಬ್ಯಾರೆ. ಅಪಾರ್ಟ್‌ಮೆಂಟಿನ್ಯಾಗ ನಾಲ್ಕ ಮಂದಿಗಷ್ಟ ಜಾಗಾ ಅದ. ಈ ಸಲ ಅಡ್ಜಸ್ಟ್ ಮಾಡ್ಕೊ, ಪ್ಲೀಸ್.’ ಅವಳ ಭಾವ ಹತ್ತಿರದ ಬರ್ಚ್‌ವುಡ್‌ನಲ್ಲಿ ಎಂಜಿನಿಯರು. ಅವರೆಲ್ಲರದೂ ಬ್ರಿಟಿಷ್ ಪಾಸ್‌ಪೋರ್ಟು, ವೀಸಾದ ಗೊಡವೆಯಿಲ್ಲ. ಗೋಡೆಯಾಚೆ ಅವಳು ಕೆಮ್ಮುವುದು ನನಗೆ ಕೇಳಿಸುತ್ತಿತ್ತು. ಎದ್ದು ಬಂದು ಹೇಳುವ ಮುಖ ಅವಳಿಗಿರಲಿಲ್ಲ. ‘ಓಕೆ, ಎಂಜಾಯ್’ ಎಂದು ಬರೆದೆ.

ನನಗೆ ವೀಸಾ ಸಿಕ್ಕಿದ್ದು ಆ ವಾರಾಂತ್ಯದ ನಾಲ್ಕು ದಿನಕ್ಕೆ ಮಾತ್ರ. ಹೋದರೆ ಆಗಲೇ ಹೋಗಬೇಕು, ಇಲ್ಲದಿದ್ದರೆ ಇಲ್ಲ. ಲೆಮಿಂಗ್ಟನ್ ಸ್ಪಾದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದು ಅವಳಿಗೆ ಸುಳ್ಳು ಹೇಳಿ, ಬರ್ಮಿಂಗ್‌ಹ್ಯಾಮಿನಿಂದ ಬೇರೆ ವಿಮಾನ ಹಿಡಿದೆ. ನನ್ನ ಪಟ್ಟಿ ಅವಳ ಫೋನಿನಲ್ಲಿತ್ತು. ಯಾವ ಹೊತ್ತಿಗೆ ಎಲ್ಲಿರುತ್ತಾಳೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎಲ್ಲ ಕಡೆಗೂ ಅವಳಿಗಿಂತ ಮೊದಲೇ ಹೋಗಬೇಕು, ಒಂದು ಕಡೆ ಅವರೆಲ್ಲರ ಎದುರು ಧುತ್ತೆಂದು ನಿಲ್ಲಬೇಕು, ಅವಳ ಮುಖ ಕಪ್ಪಿಡುವುದನ್ನು ಕಣ್ಣಾರೆ ನೋಡಬೇಕು.

ಶನಿವಾರ ಬೆಳಿಗ್ಗೆ ಅರಮನೆಯನ್ನು ಬಾಗಿಲು ತೆರೆದ ಕೂಡಲೇ ನೋಡಿ ಮುಗಿಸಿದೆ. ನೀಲಿ ಹಸಿರು ಹೆಂಚುಗಳ ಗೋಡೆ, ಅಂಗಳದ ನಡುವೆ ಕದಲದ ನೀರು. ಇಷ್ಟು ಚೆಂದದ ಜಾಗದಲ್ಲಿ ನಿಂತು ಇಷ್ಟು ಕೆಟ್ಟ ಯೋಚನೆ ಮಾಡಿದವರು ಕಡಿಮೆ. ಗೋಪುರಕ್ಕೆ ಮೆಟ್ಟಿಲುಗಳ ಬದಲು ಇಳಿಜಾರಿನ ದಾರಿಯಿದೆ. ಹಿಂದೆ ಕುದುರೆಯ ಮೇಲೆ ಹತ್ತುತ್ತಿದ್ದರಂತೆ. ತುದಿಗೆ ಹೋಗಿ ಬಗ್ಗಿ ನೋಡಿದರೆ ಕೆಳಗಿನ ಸಾಲಿನಲ್ಲಿ ಅವಳ ಸಾಸಿವೆ ಬಣ್ಣದ ಜಾಕೆಟ್ಟು! ಹನ್ನೆರಡಕ್ಕೆ ಐದು ನಿಮಿಷವಿತ್ತು. ಅವರು ಒಳಗೆ ಬರುವಷ್ಟರಲ್ಲಿ ನಾನು ಕಿಕ್ಕಿರಿದ ಗುಂಪಿನಲ್ಲಿ ಸೇರಿ ಇಳಿದುಹೋದೆ. ಊಟದ ಮೇಜಿನಲ್ಲಿ ಹಿಡಿಯೋಣ ಎಂದು ತೀರ್ಮಾನಿಸಿದ್ದೆ.

ಹೋಟೆಲು ತೆರೆಯುವುದನ್ನೇ ಕಾದಿದ್ದು, ಕಂಬದ ಹಿಂದಿನ ಮೇಜು ಹಿಡಿದು, ಪಟ್ಟಿಯಲ್ಲಿದ್ದ ಪಾಲಕ್ ಕಡಲೆಯನ್ನೇ ತರಿಸಿದೆ. ಕಾಬೂಲ್ ಕಡಲೆ, ಪಾಲಕ್, ಬೆಳ್ಳುಳ್ಳಿ, ಜೀರಿಗೆ. ಮನೆಯ ಅಡುಗೆಯ ಹಾಗೇ ಇತ್ತು, ಇನ್ನೂ ಗಾಢವಾಗಿ. ಅರ್ಧ ತಟ್ಟೆ ಮುಗಿಸಿ, ಇಷ್ಟು ರುಚಿ ಹೇಗೆ ಬಂತೆಂದು ಬಡಿಸುವವನಿಗೆ ಫೋನಿನಲ್ಲಿ ಬರೆದು ತೋರಿಸಿದೆ. ಅವನು ಹೆಮ್ಮೆಯಿಂದ ನಕ್ಕು, ಮೇಲೆ ತೂಗಾಡುತ್ತಿದ್ದ ಹಂದಿ ತೊಡೆಗಳತ್ತ ಬೆರಳು ತೋರಿಸಿದ. ಬೇಯಿಸುವಾಗ ಅದರ ಮೂಳೆಯನ್ನು ಪಾತ್ರೆಯಲ್ಲಿ ಹಾಕುತ್ತಾರಂತೆ.

ತಟ್ಟೆಯನ್ನು ದೂರ ಸರಿಸಿದೆ. ಅಷ್ಟರಲ್ಲಿ ಬಾಗಿಲು ತೆರೆದು ನಾಲ್ವರೂ ಒಳಗೆ ಬಂದರು. ಅವಳು ನನಗೆ ಬೆನ್ನು ಮಾಡಿ ಕುಳಿತಳು. ತಟ್ಟೆ ಬಂದಾಗ ಭಾವ ಅನುಮಾನಪಟ್ಟ. “ಒಮ್ಮೆ ಕೇಳೋಣೇನು? ಇಲ್ಲೆ ಎಲ್ಲಾದ್ರಾಗೂ ಹಂದಿ ಹಾಕ್ತಾರಂತ.”

“ಬ್ಯಾಡ ಭಾವ,” ಎಂದಳು. “ಆಕಿ ಖಚಿತ ಅಂತ ಬರದಾಳಂದ್ರ ಮುಗೀತು. ಆಕಿ ಮೂರು ಸಲ ನೋಡದ ಏನೂ ಬರಿಯಂಗಿಲ್ಲ.”

ಎದ್ದು ನಿಲ್ಲಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ತಿನ್ನಬೇಡ ಎನ್ನಲು ಒಂದೇ ಮಾತು ಸಾಕಿತ್ತು. ನನ್ನ ಪಟ್ಟಿ ಬೇಕಾಯಿತು, ನಾನು ಬೇಡವಾದೆ, ಅನುಭವಿಸಲಿ ಎಂದುಕೊಂಡೆ. ಅವಳು ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿನ್ನುವವರೆಗೂ ಕಂಬದ ಹಿಂದೆ ಕುಳಿತಿದ್ದೆ. ಸಂತೋಷವಾಗಿತ್ತು. ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷವಾಗಿತ್ತು. ಹಿಂದಿನ ಬಾಗಿಲಿನಿಂದ ಹೊರಟು, ನದಿ ದಂಡೆಯಲ್ಲಿ ಒಬ್ಬಳೇ ಕಿತ್ತಳೆ ರಸ ಕುಡಿದೆ.

ಮಂಗಳವಾರ ಸಂಜೆ ಕಾಲೇಜಿನಿಂದ ಬಂದರೆ ಅಡುಗೆಮನೆಯಲ್ಲಿ ಒಗ್ಗರಣೆ ವಾಸನೆ. ಹೊಸ ಬಾಣಲೆಯ ಮುಂದೆ ಅವಳು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

“ಸಾರಿ. ನಿನ್ನ ಬಿಟ್ಟು ಹೋಗಬಾರದಿತ್ತು,” ಎಂದಳು. “ನಿನ್ನ ಲಿಸ್ಟ್ ಇಲ್ಲಾಂದ್ರ ನಾ ಅಲ್ಲೆ ನಾಲ್ಕು ದಿನಾ ಉಪಾಸ. ಅಲ್ಲೆ ಒಂದು ಪಾಲಕ್ ಕಡ್ಲಿ ತಿಂದೆ ನೋಡು, ನೀನೂ ತಿನ್ಬೇಕಿತ್ತು ಅನಿಸ್ತು. ಅದಕ್ಕ ಮಾಡೀನಿ.”

ತಟ್ಟೆಗೆ ಬಡಿಸಿ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಒಂದು ಚಮಚ ಬಾಯಿಗಿಟ್ಟೆ.

“ಅದೇ ರುಚಿ ಬರವಲ್ತು,” ಎಂದಳು ಪಾಪ, ತಾನೂ ಒಂದು ಚೂರು ಚಪ್ಪರಿಸಿ. “ಜೀರಿಗಿ ಹಾಕೀನಿ, ಬಳ್ಳೊಳ್ಳಿ ಹಾಕೀನಿ. ಇನ್ನೇನೋ ಒಂದು ಕಮ್ಮಿ ಅದ. ಏನಂತ ತಿಳೀವಲ್ತು.”

ನನಗೆ ತಿಳಿದಿತ್ತು. “ಏನೂ ಕಮ್ಮಿ ಇಲ್ಲ ಕಣೇ,” ಎಂದೆ.