ಐಲಿಯ ಹಾಲಿಗೆ ಹೋಗುತ್ತಿದ್ದ ಲಾರಿ

ನಮ್ಮ ಡೇರಿಯ ಅಂಗಳದಲ್ಲಿ ತೌನೊ ಕರ್ಪಿನೆನ್‌ನಂಥ ಜಿಪುಣ ಇನ್ನೊಬ್ಬನಿರಲಿಲ್ಲ. ಅದನ್ನು ನಾನು ಅವನ ಮುಖಕ್ಕೇ ಹೇಳಿದ್ದೇನೆ. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ನಮ್ಮ ಈ ಹಿಮದ ಸೀಮೆಯಲ್ಲಿ ಗಾಡಿ ನಿಲ್ಲಿಸುವ ಕಡೆಯಲ್ಲೆಲ್ಲ ಒಂದೊಂದು ಕರೆಂಟು ಕಂಬ, ಕಂಬಕ್ಕೊಂದು ಗಡಿಯಾರ. ಹೊರಡುವುದಕ್ಕೆ ಎರಡು ಗಂಟೆ ಮೊದಲು ಕರೆಂಟು ಬರುವಂತೆ ಗಡಿಯಾರ ತಿರುಗಿಸಿಟ್ಟರೆ ಎಂಜಿನ್ ಬೆಚ್ಚಗಾಗಿರುತ್ತದೆ. ರಾತ್ರಿಯಿಡೀ ಕರೆಂಟು ಉರಿಸಿದವನನ್ನು ಊರೇ ಆಡಿಕೊಳ್ಳುತ್ತದೆ. ತೌನೊನ ಅಮ್ಮನಂತೂ ಪಕ್ಕದ ಮನೆಯ ಕಂಬದಲ್ಲಿ ಕರೆಂಟಿನ ಕೆಂಪು ದೀಪ ರಾತ್ರಿಯಿಡೀ ಕಂಡರೆ ಚರ್ಚಿನಲ್ಲಿ ಆ ಮನೆಯವರ ಪಕ್ಕ ಕೂರುತ್ತಿರಲಿಲ್ಲ. ಅಂಥವಳ ಮಗ ಮೂವತ್ತು ಚಳಿಗಾಲ ಡೀಸೆಲ್ ಲಾರಿ ಓಡಿಸಿದ. ಒಂದು ದಿನವೂ ಎರಡು ಗಂಟೆಗಿಂತ ಹೆಚ್ಚು ಕರೆಂಟು ಕೊಟ್ಟವನಲ್ಲ, ಒಂದು ದಿನವೂ ಅವನ ಎಂಜಿನ್ ಮುಷ್ಕರ ಹೂಡಿದ್ದಿಲ್ಲ.

ಹೋದ ಶರತ್ಕಾಲದಲ್ಲಿ ಹಾಲಿನ ಲಾರಿ ಬ್ಯಾಟರಿಯದ್ದಾಯಿತು. ಕಲಿಸಲು ಬಂದ ಹುಡುಗಿ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಹೇಳಿದಳು.

"ಗಾಡಿ ನಿಂತಿದ್ರೂ ಪ್ಲಗ್ ಕೀಳಬೇಡಿ. ಬ್ಯಾಟರಿನ ಅದೇ ಬೆಚ್ಚಗಿಟ್ಕೊಳ್ಳತ್ತೆ."

"ತುಂಬಿದ ಮೇಲೂನಾ?" ಎಂದ ತೌನೊ.

"ತುಂಬಿದ ಮೇಲೂ."

ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ನಾನು ಬಲ್ಲೆ. ಬೇಡದ ಬನ್ನನ್ನು ಮರ್ಯಾದೆಗೆಂದು ಜೇಬಿಗೆ ಹಾಕಿಕೊಳ್ಳುವಾಗಲೂ ಹಾಗೇ ಆಡಿಸುತ್ತಾನೆ. ಮೊದಲ ಹಿಮ ಬಿದ್ದಾಗ ಅಮ್ಮನ ಹಳೆಯ ಚಿಂದಿ ಕೌದಿ ತಂದು ಲಾರಿಯ ಮೂತಿಗೆ ಹೊದಿಸಿದ. ಡೀಸೆಲ್ ಕಾಲದ ಅಭ್ಯಾಸ.

"ಅಲ್ಲಿ ಎಂಜಿನ್ನೇ ಇಲ್ವಲ್ಲೋ ಮಾರಾಯ. ಬ್ಯಾಟರಿ ಇರೋದು ಹೊಟ್ಟೆ ಕೆಳಗೆ. ಟೋಪಿ ಹಾಕಿ ಚಡ್ಡಿ ಮರೆತ ಹಾಗಾಯ್ತು," ಎಂದೆ ನಾನು.

"ಇರ್ಲಿ ಬಿಡೆ ಇರ್ಮೆಲಿ. ನೋಡೋಕೆ ಬೆಚ್ಚಗನ್ಸತ್ತೆ."

ಎಲ್ಲರೂ ನಕ್ಕರು. ಆದರೆ ಆ ಲಾರಿಯ ಮೇಲೆ ಅವನಿಗಿದ್ದ ಆಸ್ಥೆ ನಗುವಂಥದ್ದಾಗಿರಲಿಲ್ಲ. ಹಾಪವಾರ ಗುಡ್ಡದಾಚೆ, ಕೆರೆಯ ದಡದಲ್ಲಿ, ಅವನ ಅಕ್ಕ ಐಲಿ ಒಬ್ಬಳೇ ಹಸು ಸಾಕಿಕೊಂಡಿದ್ದಳು. ಆ ದಾರಿಯಲ್ಲಿ ಉಳಿದಿದ್ದ ಹಾಲಿನ ಮನೆ ಅದೊಂದೇ. ಮೇಲ್ವಿಚಾರಕ ಸೆಪ್ಪಾಲ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ.

"ಒಂದು ಮನೆಗೋಸ್ಕರ ಆ ಗುಡ್ಡ ಹತ್ತಬೇಕು ತೌನೊ. ಈ ಗಾಡಿ ಹೋಗಿ ಬರೋ ತನಕ ಕಳಿಸ್ತೀನಿ. ಒಂದು ಸಲ ತಪ್ಪಿದ್ರೂ ಆ ದಾರಿ ಬಂದ್."

"ತಪ್ಪಲ್ಲ. ಗಾಡಿ ನನ್ನ ಜವಾಬ್ದಾರಿ," ಎಂದಿದ್ದ ತೌನೊ.

ಐಲಿಯ ಮನೆಯಲ್ಲಿ ಅವನಿಗೆ ಕಾಫಿ ಕಾದಿರುತ್ತಿತ್ತು. ಹಸು ಕರು ಹಾಕಿದಾಗಲೆಲ್ಲ ಅವಳು ಗಿಣ್ಣುಹಾಲನ್ನು ಹೆಪ್ಪುಗಟ್ಟಿಸಿ, ಬೆಂಕಿಗೆ ಹಿಡಿದು ಕಂದು ಮಚ್ಚೆ ಬರುವಂತೆ ಸುಟ್ಟು, ತುಂಡು ಮಾಡಿ ಅವನ ಕಾಫಿಯೊಳಗೇ ಹಾಕುತ್ತಿದ್ದಳು. ಒಮ್ಮೆ ಜೊತೆಗೆ ಹೋಗಿದ್ದಾಗ ನಾನೂ ತಿಂದಿದ್ದೇನೆ. ಅಕ್ಕ ತಮ್ಮ ಹೆಚ್ಚು ಮಾತಾಡುವುದಿಲ್ಲ. "ಮಾನ್ಸಿಕ್ಕಿ ಕಾಲು ಹೇಗಿದೆ?" ಎಂದು ಅವಳ ಹಸುವಿನ ಬಗ್ಗೆ ಅವನು ಕೇಳಿದರೆ, "ನಿನ್ನ ಕಾಲಿಗಿಂತ ವಾಸಿ," ಎಂದು ಅವಳು. ಅಷ್ಟಕ್ಕೇ ಇಬ್ಬರಿಗೂ ಹೊಟ್ಟೆ ತುಂಬುತ್ತಿತ್ತು.

ಚಳಿ ಏರಿದ ಮೇಲೂ ಲಾರಿ ಹೋಗಿ ಬರುತ್ತಿತ್ತು. ಸಂಜೆ ಬಂದು ಬೆಳಿಗ್ಗೆ ಹೊರಡುವ ಗಾಡಿ, ರಾತ್ರಿಯಿಡೀ ತುಂಬಿಕೊಳ್ಳುತ್ತಲೇ ಇರುತ್ತಿದ್ದರಿಂದ ಬ್ಯಾಟರಿ ತಣ್ಣಗಾಗಲು ಸಮಯವೇ ಸಿಗುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮಾತ್ರ ಎರಡು ದಿನ ನಿಂತಿತು. ಹಬ್ಬದ ಮುನ್ನಾದಿನ ಎಲ್ಲರೂ ಹಬ್ಬದ ಹಬೆಸ್ನಾನಕ್ಕೆ ಸೌನಾ ಕಾಯಿಸಲು ಮನೆಗೆ ಓಡಿದ ಮೇಲೂ ಅವನು ಅಂಗಳದಲ್ಲೇ ಉಳಿದ. ಬ್ಯಾಟರಿ ತುಂಬುವವರೆಗೆ ಕಾದು ನಿಂತ. ತುಂಬಿದ್ದೇ ಪ್ಲಗ್ ಕಿತ್ತು, ಕೇಬಲ್ಲನ್ನು ಅಂದವಾಗಿ ಸುತ್ತಿ, ಕೌದಿ ಹೊದಿಸಿ ಹೋದ. ಹಬ್ಬದ ಮಾರನೆಯ ಬೆಳಿಗ್ಗೆ ಹೊರಡಲು ಎರಡು ಗಂಟೆ ಇದೆ ಎನ್ನುವಾಗ ಬಂದು ಮತ್ತೆ ಪ್ಲಗ್ ಚುಚ್ಚಿದ. ಮೈನಸ್ ಮೂವತ್ತೆಂಟು ಡಿಗ್ರಿ. ಎಂಜಿನ್ನಿಗೆ ಸಾಕಾಗುತ್ತಿದ್ದ ಎರಡು ಗಂಟೆ, ಟನ್ನುಗಟ್ಟಲೆ ತೂಗುವ, ಒಳಗೊಳಗೇ ಕೊರೆದುಹೋದ ಬ್ಯಾಟರಿಗೆ ಎಲ್ಲಿ ಸಾಕಾಗಬೇಕು?

ಮಧ್ಯಾಹ್ನ ಅವನು ಹಿಂತಿರುಗಿದಾಗ ನಾನು ಅಂಗಳದಲ್ಲಿದ್ದೆ. ಇಳಿದವನು ಬಾಗಿಲು ಹಾಕುವುದನ್ನೂ ಮರೆತಿದ್ದ.

"ಗುಡ್ಡದ ಬುಡಕ್ಕೆ ಬರೋ ಹೊತ್ತಿಗೆ ಚಾರ್ಜು ಅರ್ಧಕ್ಕಿಂತ ಕೆಳಗಿಳಿದಿತ್ತು," ಎಂದ. "ಹತ್ತಿದ್ರೆ ವಾಪಸ್ ಬರೋಕಾಗ್ತಿರ್ಲಿಲ್ಲ. ಬೇರೆಯವರ ಹಾಲೆಲ್ಲ ಟ್ಯಾಂಕಲ್ಲೇ ಗಡ್ಡೆ ಕಟ್ಟಿಬಿಡೋದು. ಕೆರೆ ತಿರುವಲ್ಲಿ ಗಾಡಿ ತಿರುಗಿಸ್ಬಿಟ್ಟೆ."

"ಪ್ಲಗ್ ಹಾಕಿರ್ಲಿಲ್ವಾ?"

"ತುಂಬಿತ್ತಲ್ಲ ಇರ್ಮೆಲಿ. ತುಂಬಿದ್ದಕ್ಕೆ ಯಾಕೆ ಸುಮ್ನೆ..."

ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಬೈಯುವ ಬದಲು ಹೋಗಿ ಲಾರಿಯ ಬಾಗಿಲು ಹಾಕಿ ಬಂದೆ.

"ಕೆರೆ ಗುಡ್ಡ ಬಳಸ್ಕೊಂಡು ಬರತ್ತಲ್ಲ, ಅಕ್ಕಂಗೆ ಅಡುಗೆಮನೆ ಕಿಟಕಿಯಿಂದ ಆ ತಿರುವು ಕಾಣತ್ತೆ," ಎಂದ ಅವನು. "ಲೈಟ್ ಬರೋದೂ ನೋಡಿರ್ತಾಳೆ. ತಿರುಗಿದ್ದೂ ನೋಡಿರ್ತಾಳೆ."

ಐಲಿ ಆ ದಿನ ಹಬ್ಬದಲ್ಲಿ ತುಂಬಿದ್ದ ತನ್ನ ಟ್ಯಾಂಕಿನ ಹಾಲನ್ನೆಲ್ಲ ಚರಂಡಿಗೆ ಬಿಟ್ಟಳು. ಸೆಪ್ಪಾಲ ಆಡಿದ ಮಾತಿಗೆ ತಪ್ಪಲಿಲ್ಲ, ದಾರಿ ನಿಂತಿತು. ಫೆಬ್ರವರಿಯಲ್ಲಿ ಹಸುಗಳನ್ನು ಒಯ್ಯುವ ಗಾಡಿ ಬಂತು. ಮಾನ್ಸಿಕ್ಕಿ ಹತ್ತಲೊಲ್ಲದೆ ನಿಂತಾಗ ತೌನೊನೇ ಹಗ್ಗ ಹಿಡಿದು ಹತ್ತಿಸಬೇಕಾಯಿತಂತೆ.

ಈಗ ಅವನ ಲಾರಿಯ ಪ್ಲಗ್ ಎಂದೂ ಕಳಚುವುದಿಲ್ಲ. ರಜೆಯ ದಿನವೂ ಬಂದು ಚಾರ್ಜಿನ ಕಂಬದ ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡಿಕೊಂಡು ಹೋಗುತ್ತಾನೆ. ಯಾರೂ ನಗುವುದಿಲ್ಲ. ನಗುವವರಿದ್ದರೆ ನನ್ನ ಕೈಲಿ ಒದೆ ತಿನ್ನುತ್ತಾರೆ.

ಈಸ್ಟರಿಗೆ ಅವನು ಐಲಿಯ ಮನೆಗೆ ಹೊರಟಾಗ ಒಬ್ಬನೇ ಹೋಗಲು ಅಂಜಿ ನನ್ನನ್ನೂ ಕರೆದ. ಕೊಟ್ಟಿಗೆಯ ಬಾಗಿಲಿಗೆ ಹಿಮ ಒರಗಿ ನಿಂತಿತ್ತು, ಯಾರೂ ಬಗೆದಿರಲಿಲ್ಲ. ಐಲಿ ದೂರಲಿಲ್ಲ, ಅಳಲಿಲ್ಲ. ಕಾಫಿ ಬಗ್ಗಿಸಿ, ಅಂಗಡಿಯಿಂದ ತಂದ ಹಾಲಿನ ಪೊಟ್ಟಣವನ್ನು ತಮ್ಮನ ಮುಂದೆ ಇಟ್ಟಳು. ಅದರ ಮೇಲೆ ನಮ್ಮ ಡೇರಿಯದೇ ಗುರುತು.

"ಹಾಕ್ಕೋ," ಎಂದಳು. "ನೀನೇ ತಂದಿದ್ದಿರ್ಬೇಕು."

ತೌನೊ ಕಾಫಿಯನ್ನು ಹಾಲು ಹಾಕದೆಯೇ ಕುಡಿದ.