ಚಾಮರಾಜಪೇಟೆಯ ಬಾವಿಯಲ್ಲಿ ಇಳಿತ

ದೆವ್ವ, ಶಕುನ, ಮೈಮೇಲೆ ಬರುವುದು ಎಂದು ಯಾರಾದರೂ ಮಾತೆತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಕಾರಣವಿಲ್ಲದೆ ಎಲೆಯೂ ಅಲುಗದು ಎಂದು ಮಕ್ಕಳಿಗೂ ಹೇಳುತ್ತಿದ್ದೆ, ಕೇಳದಿದ್ದರೂ ವಠಾರದವರಿಗೂ ಹೇಳುತ್ತಿದ್ದೆ. ಅಂಥ ನಾನೇ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಕೊನೆ. ಚಾಮರಾಜಪೇಟೆಯ ನಮ್ಮ ವಠಾರಕ್ಕೆ ನಲ್ಲಿ ಬಂದಿದ್ದರೂ ಬಟ್ಟೆಗೆ, ಪಾತ್ರೆಗೆ ಹಿತ್ತಲ ಬಾವಿಯೇ ಗತಿ. ಎದುರು ಮನೆಯ ರುಕ್ಮಿಣಮ್ಮನವರ ಸೊಸೆ ಗಿರಿಜೆ ಕುಮಟಾ ಕಡೆಯ ಕಡಲತೀರದ ಹುಡುಗಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಬೆಳಗ್ಗೆ, ಅತ್ತೆ ತೊಡಿಸಿದ್ದ ಚಿನ್ನದ ಬಳೆ ಅವಳ ಸೋಪಿನ ಕೈಯಿಂದ ಜಾರಿ ತುಂಬಿದ ಬಾವಿಗೆ ಬಿತ್ತು. ಕೊಕ್ಕೆಗಳ ಪಾತಾಳಗರಡಿ ಇಳಿಬಿಟ್ಟರು. ಮುಳುಗು ಹಾಕುವವನನ್ನು ಕರೆಸಿ ತಳ ತಡಕಿಸಿದರು. ಯಾರ ಕಾಲದ್ದೋ ಚೊಂಬು ಸಿಕ್ಕಿತು, ಬಳೆ ಸಿಗಲಿಲ್ಲ.

ಬಳೆ ಬಿದ್ದ ಹಿಂದಿನ ದಿನವೇ ಗಿರಿಜೆಯ ಅಣ್ಣ ಬಂದು ಹೋಗಿದ್ದ. ಮೆಜೆಸ್ಟಿಕ್ಕಿನ ಹೋಟೆಲೊಂದರಲ್ಲಿ ಸಪ್ಲೈಯರ್. ರುಕ್ಮಿಣಮ್ಮ ವಠಾರಕ್ಕೆಲ್ಲ ಕೇಳುವಂತೆ ಹೇಳಿದರು: "ಬಾವಿಗೆ ಬಿತ್ತೋ, ಮೆಜೆಸ್ಟಿಕ್‌ಗೆ ಹೋಯ್ತೋ, ಕಂಡೋರ್ಯಾರು? ಈ ತಿಂಗ್ಳು ನೋಡ್ತೀನಿ. ಸಿಗ್ಲಿಲ್ಲ ಅಂದ್ರೆ ಅವಳು ತವರಲ್ಲೇ ಇರ್ಲಿ."

ಗಿರಿಜೆ ಅಳಲಿಲ್ಲ. ಬೆಳಗಾದರೆ ಬಾವಿಕಟ್ಟೆಗೆ ಬಂದು ಒಳಗೆ ಇಣುಕುತ್ತಿದ್ದಳು. ಯಾಕೆ ಎಂದರೆ, "ನೀರು ಇಳೀತದಲ್ರಾ ಅಕ್ಕೋರೆ, ಆಗ ಸಿಗ್ತದೆ. ನಮ್ಮಲ್ಲಿ ಹೊಳೆಗೆ ಏನಾದ್ರೂ ಬಿದ್ರೆ ಕಡಲ ಇಳಿತಕ್ಕೆ ಕಾಯ್ತಾರೆ" ಎಂದಳು. ಅವಳ ಊರಿನಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. ನಾನು ನಕ್ಕುಬಿಟ್ಟೆ, ಪಾಪ ಎಂದೂ ಅನಿಸಿತು. ತೆಂಗಿನಕಾಯಿಯನ್ನು ಭೂಮಿ, ನಿಂಬೆಹಣ್ಣನ್ನು ಚಂದ್ರ ಮಾಡಿ ಪಾಠ ಹೇಳಿದೆ. ಚಂದ್ರನ ಸೆಳೆತ ಹತ್ತಿರದ ಬದಿಗೆ ಹೆಚ್ಚು, ಆಚೆ ಬದಿಗೆ ಕಡಿಮೆ. ಅದಕ್ಕೇ ಕಡಲು ಎರಡೂ ಕಡೆ ಉಬ್ಬುತ್ತದೆ, ನಡುವೆ ಇಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯನೂ ಕೈಜೋಡಿಸುತ್ತಾನೆ. ಆದರೆ ಅಷ್ಟು ದೊಡ್ಡ ಕಡಲಿನಲ್ಲಿ ಕಾಣುವುದು ಇಷ್ಟು ಸಣ್ಣ ಬಾವಿಯಲ್ಲಿ ಕಾಣುವುದಿಲ್ಲ ಎಂದೆ.

ಎಲ್ಲ ಕೇಳಿ ಅವಳು, "ಚಂದ್ರ ಇಲ್ಲೂ ಅವನೇ ಅಲ್ರಾ ಅಕ್ಕೋರೆ" ಎಂದಳು.

ಹುಣ್ಣಿಮೆಯ ಮರುದಿನ ಭಾನುವಾರ. ಕಾಫಿ ಮುಗಿಸಿ ನೀರಿಗೆ ಹೋದೆ. ಗಿರಿಜೆ ಆಗಲೇ ಕಟ್ಟೆಯ ಬಳಿ ನಿಂತಿದ್ದಳು. ಕೊಡ ಬಿಟ್ಟೆ, ಹಗ್ಗ ಓಡಿತು, ಓಡಿತು, ನೀರಿನ ಸದ್ದೇ ಇಲ್ಲ. ಬಗ್ಗಿ ನೋಡಿದರೆ ನೀರು ಆಳುದ್ದ ಕೆಳಗಿತ್ತು. ಹಿಂದಿನ ಸಂಜೆ ತುಂಬಿದ ಬಾವಿಯಿಂದ ನಾನೇ ಸೇದಿದ್ದೆ. ಈಗ ಪಾಚಿಗಟ್ಟಿದ ಗೋಡೆ ಕಾಣುತ್ತಿತ್ತು, ಗೋಡೆಯಿಂದ ಚಾಚಿದ ಒಂದು ಕಲ್ಲು, ಅದರ ಮೇಲೆ ಬಳೆ. "ಇಳೀತು" ಎಂದಳು ಗಿರಿಜೆ, ಹಾಲಿನವನು ಬಂದ ಎನ್ನುವ ಹಾಗೆ. ಕೂಗಿದ್ದಕ್ಕೆ ಓಡಿ ಬಂದ ಅವಳ ಗಂಡ ಕಲ್ಲುಸಂದುಗಳಲ್ಲಿ ಕಾಲಿಟ್ಟು ಇಳಿದು ಬಳೆ ತಂದ. ಅವನು ಹತ್ತಿ ಬರುತ್ತಿದ್ದಂತೆ ನೀರೂ ಅವನ ಹಿಂದೆಯೇ ಸದ್ದಿಲ್ಲದೆ ಏರಿತು.

ರುಕ್ಮಿಣಮ್ಮ ಪೂಜೆ ಮುಗಿಸಿ ಬರುವಷ್ಟರಲ್ಲಿ ಬಾವಿ ಎಂದಿನಂತೆ ತುಂಬಿತ್ತು. ಅವರು ಬಳೆ ನೋಡಿದರು, ಬಾವಿ ನೋಡಿದರು, ಮಗನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇವಳ ಅಣ್ಣ ವಾಪಸ್ ತಂದ್ಕೊಟ್ಟಿರ್ಬೇಕು" ಎಂದವರು ನನ್ನತ್ತ ತಿರುಗಿದರು. "ನೀವು ಇಂಥದ್ದೆಲ್ಲ ನಂಬೋರಲ್ಲ ಮೇಡಂ. ನೀವು ಹೇಳಿ. ನೀರು ಇಳೀತಾ?"

"ಇಳೀತು. ನಾನೇ ನೋಡ್ದೆ" ಎಂದೆ.

ಅವರು ಬಳೆಯನ್ನು ತಾವೇ ಸೊಸೆಯ ಕೈಗೆ ತೊಡಿಸಿದರು.

ಆಮೇಲೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಪರಿಚಿತರೊಬ್ಬರನ್ನು ಕೇಳಿದೆ. ಚಂದ್ರನ ಸೆಳೆತಕ್ಕೆ ನೆಲವೂ ತುಸು ಮಿಸುಕುತ್ತದೆ, ಕೆಲವು ಬಾವಿಗಳಲ್ಲಿ ನೀರು ಒಂದೆರಡು ಬೆರಳು ಏರಿಳಿಯುವುದುಂಟು ಎಂದರು. ಆಳುದ್ದ ಎಂದಾಗ ನಕ್ಕುಬಿಟ್ಟರು, ಗಿರಿಜೆಯ ಮುಂದೆ ನಾನು ನಕ್ಕ ಹಾಗೆಯೇ. ಆ ವಠಾರ ಬಿಡುವವರೆಗೂ ಹುಣ್ಣಿಮೆಯ ಮರುದಿನ ಹೋಗಿ ಇಣುಕುತ್ತಿದ್ದೆ. ನೀರು ಮತ್ತೆ ಇಳಿಯಲಿಲ್ಲ.

ನಿವೃತ್ತಿಯಾಗುವವರೆಗೂ ಉಬ್ಬರವಿಳಿತದ ಆ ಪಾಠ ಮಾಡಿದೆ. "ಬಾವೀಲೂ ಹಿಂಗಾಗತ್ತಾ ಮಿಸ್?" ಎಂದು ಯಾವುದಾದರೂ ಹುಡುಗಿ ಕೇಳಿದರೆ, ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಗೊತ್ತಿಲ್ಲ.