ಲ್ಯಾಪ್‌ಟಾಪ್ ಬಿಚ್ಚುವ ಚಂಪಕ್ಕ

ಚಂಪಕ್ಕನ ಮೇಜಿನ ಮೇಲೆ ಒಂದು ಅಳಗುಳಿ ಮಣೆ ಇತ್ತು. ಹುಣಸೆ ಬೀಜ ಹಾಕಿ ಆಡುವ ಅದರ ಹದಿನಾಲ್ಕು ಕುಳಿಗಳಲ್ಲಿ ಅವರು ಸ್ಕ್ರೂ ಹಾಕಿಡುತ್ತಿದ್ದರು. ಲ್ಯಾಪ್‌ಟಾಪಿನ ಬೆನ್ನಿನವು ಮೊದಲ ಕುಳಿಗೆ, ಕೀಬೋರ್ಡ್ ಹಿಡಿದವು ಎರಡನೆಯದಕ್ಕೆ, ಫ್ಯಾನಿನವು ಮೂರನೆಯದಕ್ಕೆ. ಬಿಚ್ಚುವಾಗ ಎಡದಿಂದ ಬಲಕ್ಕೆ ಹೋಗುವುದು, ಕೂಡಿಸುವಾಗ ಬಲದಿಂದ ಎಡಕ್ಕೆ ಬರುವುದು. ಕೊನೆಗೆ ಯಾವ ಕುಳಿಯಲ್ಲೂ ಏನೂ ಉಳಿಯಬಾರದು.

"ಒಂದ್ ಉಳೀತಂದ್ರೂ ಕೆಲಸ ಸುಳ್ಳಾತು," ಎನ್ನುತ್ತಿದ್ದರು. "ಮ್ಯಾಲ ಎಷ್ಟ ಛಂದ ಹೊಳದ್ರೂ ಒಳಗ ಏನೋ ಸಡ್ಲ ಐತಿ ಅಂತ ತಿಳೀಬೇಕು."

ಲಕ್ಷ್ಮೇಶ್ವರದ ಬಜಾರಿನಲ್ಲಿ, ಬಳೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅವರ ಅಂಗಡಿ. ಬೋರ್ಡಿನ ಮೇಲೆ ತೀರಿಹೋದ ಅಣ್ಣನ ಹೆಸರು, ಪಕ್ಕದಲ್ಲಿ ಬಣ್ಣ ಮಾಸಿದ ಟಿವಿಯ ಚಿತ್ರ. ಅಣ್ಣ ಟಿವಿ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಪಕ್ಕದಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತಿದ್ದ ತಂಗಿ, ಅಂಥ ಟಿವಿಗಳ ಕಾಲ ಮುಗಿದ ಮೇಲೆ ಲ್ಯಾಪ್‌ಟಾಪಿನ ಕೆಲಸಕ್ಕೆ ಇಳಿದಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಊರಿನಲ್ಲಿ ನಾಲ್ಕು ಕಥೆಗಳಿದ್ದವು. ಅವರು ಒಂದನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯ ಹಿಂದಿನ ಒಂದು ಕೋಣೆಯೇ ಅವರ ಮನೆ. ಅರವತ್ತಕ್ಕೆ ಹತ್ತಿರವಾದ ವಯಸ್ಸು, ಇಳಕಲ್ ಸೀರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ.

ಹೊಸಬರು ಬಾಗಿಲಲ್ಲೇ ನಿಂತು ಒಳಗೆ ಇಣುಕುತ್ತಿದ್ದರು.

"ಮೆಕ್ಯಾನಿಕ್ ಎಲ್ಲಿ ಹೋಗ್ಯಾರ್ರಿ?"

"ಎಲ್ಲೂ ಹೋಗಿಲ್ರಿ. ನಿಮ್ಮ ಮುಂದ ಕುಂತಾರ."

ಕೆಲವರು ನಕ್ಕು ಒಳಗೆ ಬರುತ್ತಿದ್ದರು. ಕೆಲವರು "ಆಮ್ಯಾಲ ಬರ್ತೀನ್ರಿ" ಎಂದು ಗದಗಿನ ಬಸ್ಸು ಹತ್ತುತ್ತಿದ್ದರು. ಹಾಗೆ ಹೋದವರು ಅಲ್ಲಿ "ಹೊಸಾದು ತಗೋರಿ" ಅನ್ನಿಸಿಕೊಂಡು ತಿರುಗಿ ಬಂದಾಗ ಚಂಪಕ್ಕ ಚುಚ್ಚಿ ಮಾತಾಡುತ್ತಿರಲಿಲ್ಲ. "ಕುಂಡ್ರಿ" ಎಂದು ಸ್ಟೂಲು ಸರಿಸುತ್ತಿದ್ದರು, ಅಷ್ಟೆ.

ನಾನು ಗಂಡನಿಂದ ಬೇರೆಯಾಗಿ ಬಂದು ಆ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ತವರು ಸೊರಟೂರು ದೂರವೇನಲ್ಲ. ಆದರೆ ಅಲ್ಲಿ ಅಣ್ಣಂದಿರ ಸಂಸಾರದ ನಡುವೆ ನನ್ನ ಹಾಸಿಗೆ ಎಲ್ಲಿ ಹಾಸಬೇಕೆಂಬುದೇ ದಿನಾ ಒಂದು ಪ್ರಶ್ನೆಯಾಗಿತ್ತು. ಕಾಲೇಜಿನವರ ಪ್ರಬಂಧ, ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಇವನ್ನೆಲ್ಲ ಟೈಪ್ ಮಾಡಿಕೊಟ್ಟು ಬದುಕುತ್ತಿದ್ದೆ. ಅದಕ್ಕಿದ್ದದ್ದು ಒಂದೇ ಒಂದು ಹಳೆಯ ಲ್ಯಾಪ್‌ಟಾಪ್. ಒಂದು ಬೇಸಿಗೆಯಲ್ಲಿ ಅದು ಇಪ್ಪತ್ತು ನಿಮಿಷ ನಡೆದು ಪಟ್ಟನೆ ಆರಿಹೋಗತೊಡಗಿತು. ಅರ್ಧ ಟೈಪಾದ ಪ್ರಬಂಧ ಎದೆಗವಚಿಕೊಂಡವಳ ಹಾಗೆ ಅದನ್ನು ಹೊತ್ತು ಚಂಪಕ್ಕನ ಅಂಗಡಿಗೆ ಹೋದೆ.

ಅವರು ಅದನ್ನು ಹಚ್ಚಿ, ಗಾಳಿ ಹೊರಗೆ ಬರುವ ಕಿಂಡಿಯ ಮುಂದೆ ಕೈಯ ಹಿಂಬದಿ ಹಿಡಿದರು. ಮಕ್ಕಳ ಜ್ವರ ನೋಡುವ ಹಾಗೆ.

"ಗಾಳಿನ ಬರವಲ್ದು. ಫ್ಯಾನ್ ತಿರಗಾಕತ್ತಿಲ್ಲ."

ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಫ್ಯಾನಿಗೂ ತಾಮ್ರದ ಪಟ್ಟಿಗಳಿಗೂ ನಡುವೆ ಧೂಳು ಹಾಸಿಗೆಯ ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಚಂಪಕ್ಕ ಅದನ್ನು ಇಡಿಯಾಗಿ ಎತ್ತಿ ನನ್ನ ಅಂಗೈ ಮೇಲಿಟ್ಟರು.

"ಇದರ ಕೂಡ ಇಷ್ಟ ದಿನಾ ದುಡದೈತಲ್ರಿ, ಅದ ದೊಡ್ಡದು. ಹೊಸಾ ಫ್ಯಾನ್ ಹಾಕೂಣು. ಕಾವು ಎಳಕೊಳ್ಳೂ ಪೇಸ್ಟೂ ಒಣಗಿ ಸುಣ್ಣ ಆಗೇತಿ."

ಹೊಸ ಫ್ಯಾನು ಗದಗಿನಿಂದ ಬರಬೇಕಿತ್ತು. ಅದು ಬರುವವರೆಗೆ ನಾನು ದಿನಾ ಹೋಗಿ ಕೂತೆ. ಕೋಣೆಯಲ್ಲಿ ಮಾಡಲು ಬೇರೆ ಕೆಲಸವೇ ಇರಲಿಲ್ಲ. ಆ ಊರಿನಲ್ಲಿ ಹೊಸದಾಗಿ ಪರಿಚಯವಾದ ಎಲ್ಲರೂ ಎರಡನೆಯ ಮಾತಿಗೇ "ನಿಮ್ಮ ಯಜಮಾನ್ರು ಏನ್ ಮಾಡ್ತಾರ್ರಿ?" ಎಂದು ಕೇಳುತ್ತಿದ್ದರು. ನಾಲ್ಕು ದಿನ ಎದುರಿಗೆ ಕೂತರೂ ಚಂಪಕ್ಕ ಅದನ್ನು ಕೇಳಲಿಲ್ಲ. ಚಹಾ ಬಂದಾಗ ನನ್ನ ಕಪ್ಪನ್ನು ನನ್ನ ಕಡೆಗೆ ಸರಿಸಿ, ತಮ್ಮದನ್ನು ಮುಟ್ಟದೆ ಹಾಗೇ ಬಿಟ್ಟಿರುತ್ತಿದ್ದರು. ಬಿಸಿ ಚಹಾ ಅವರಿಗೆ ಸೇರುವುದಿಲ್ಲವೇನೋ ಎಂದುಕೊಂಡೆ.

ಅದಾಗಿ ಒಂದು ವರ್ಷಕ್ಕೆ ಲ್ಯಾಪ್‌ಟಾಪ್ ಮತ್ತೆ ಕುಂಟತೊಡಗಿತು. ಈ ಸಲ ಬಿಸಿಯಲ್ಲ, ನಿಧಾನ. ದೊಡ್ಡ ಪ್ರಬಂಧ ತೆರೆದರೆ ಪುಟ ಸರಿಯುವಷ್ಟರಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕಿ ಬರಬಹುದಿತ್ತು. ಹೊಸದು ಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಚಂಪಕ್ಕ ಕಪಾಟಿನಿಂದ ನನ್ನದರದ್ದೇ ಜಾತಿಯ, ಪರದೆ ಒಡೆದು ಬೋರ್ಡು ಸತ್ತ ಒಂದು ಲ್ಯಾಪ್‌ಟಾಪ್ ತೆಗೆದರು. ಯಾರೋ ರಿಪೇರಿಗೆ ತಂದು, ಬೇಡವೆಂದು ಅವರಿಗೇ ಬಿಟ್ಟು ಹೋದದ್ದು.

"ಇದರ ತಲಿ ನಿಮ್ಮದಕ್ಕಿಂತ ಚುರುಕ ಐತಿ." ಪ್ರೊಸೆಸರ್‌ಗೆ ಅವರು ತಲಿ ಎನ್ನುತ್ತಿದ್ದರು. "ಈಗಿನ ಮಶೀನಿನ್ಯಾಗ ತಲೀನ ಬೋರ್ಡಿಗೇ ಬೆಸದಿರ್ತಾರ. ನಿಮ್ಮದು ಹಳೇದು, ತಗದು ಹಾಕಬಹುದು. ಆದ್ರ ಚುರುಕ ತಲಿ, ಕಾಯೂದೂ ಹೆಚ್ಚು. ತಾಮ್ರದ ನಳಿಗೀನೂ ಇದರದ್ದ ಹಾಕಬೇಕು."

"ಹಾಕ್ರಿ ಅಕ್ಕಾರ."

"ಹಾಕೂಣು," ಎಂದವರು ಹಾಕಲಿಲ್ಲ. ಮರುದಿನ ಹೋದರೆ ಪೇಸ್ಟ್ ಇಲ್ಲ ಎಂದರು. ಮೂರನೆಯ ದಿನ ಕರೆಂಟು ಇಲ್ಲ ಎಂದರು. ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ನಾನು ಮೇಲೆ ನೋಡಿದ್ದನ್ನು ಅವರು ನೋಡಿದರು. ಸೆರಗಿನೊಳಗಿನಿಂದ ಬಲಗೈ ತೆಗೆದು ಮೇಜಿನ ಮೇಲೆ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಜೋಳದ ಎಲೆಯಂತೆ ನಡುಗುತ್ತಿದ್ದವು.

"ಸ್ಕ್ರೂ ಬಿಚ್ಚಾಕ ಅಡ್ಡಿ ಇಲ್ಲ. ಫ್ಯಾನ್ ಹಾಕಾಕೂ ಹೆಂಗೋ ನಡೀತೈತಿ. ತಲೀ ಕೆಳಗ ನೂರಾರು ಸೂಜಿ ಅದಾವ್ರಿ, ಕೂದಲಕ್ಕಿಂತ ಸಣ್ಣವು. ಹ್ವಾದ ತಿಂಗಳ ಒಬ್ರದು ಬಾಗಿಸಿದೆ. ತಪ್ಪು ನಂದು ಅಂತ ಹೇಳಿ ಕಳಿಸ್ದೆ. ಕೈ ನಡಗತಾವ ಅಂತ ಮಾತ್ರ ಹೇಳಲಿಲ್ಲ."

ಮುಟ್ಟದೆ ಬಿಡುತ್ತಿದ್ದ ಚಹಾದ ಕಪ್ಪು ಆಗ ನನಗೆ ಅರ್ಥವಾಯಿತು. ಅವರೇ ಸ್ಟೂಲನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡು ಹೇಳಿದರು:

"ಟೈಪ್ ಮಾಡೋ ಕೈ ನಿಮ್ಮದು. ಇಲ್ಲಿ ಬಂದು ಕುಂಡ್ರಿ. ನಾ ಹೇಳತೀನಿ, ನೀವ ಹಾಕ್ರಿ."

ಆ ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ನಾನೇ ಕೈ ಹಾಕಿದೆ. ಹಳೆಯ ಪೇಸ್ಟನ್ನು ಹತ್ತಿಯಿಂದ ಒರೆಸಿದೆ. ಸಣ್ಣ ಬೀಗದ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದಾಗ ಹಳೆಯ ಪ್ರೊಸೆಸರ್ ಸಡಿಲಾಗಿ ಮೇಲೆದ್ದಿತು. ಹೊಸದರ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಚಿಕ್ಕ ತ್ರಿಕೋನ ಗುರುತು. ಬೋರ್ಡಿನ ಮೇಲೂ ಅಂಥದೇ. ಎರಡನ್ನೂ ಹೊಂದಿಸಿ ಇಳಿಸಿದೆ. ಕೂತಿತೋ ಇಲ್ಲವೋ ಎಂದು ಬೆರಳಿನಿಂದ ಅದುಮಲು ಹೋದೆ.

"ಒತ್ತಬ್ಯಾಡ!" ಚಂಪಕ್ಕ ಕೂಗಿಯೇ ಬಿಟ್ಟರು. "ಸರೀ ಇಟ್ಟಿದ್ರ ತಾನ ಕುಂಡ್ರತೈತಿ. ಒತ್ತಿದ್ರ ಕುಂತಂಗ ಕಾಣತೈತಿ, ಸೂಜಿ ಸಾಯತಾವು."

ಕೈ ತೆಗೆದೆ. ಅದು ತಾನೇ ಕೂತಿತ್ತು. ಬೀಗ ತಿರುಗಿಸಿ, ಜೋಳದ ಕಾಳಿನಷ್ಟು ಪೇಸ್ಟ್ ಇಟ್ಟು, ತಾಮ್ರದ ನಳಿಗೆ ಕೂಡಿಸಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಒಂದೊಂದನ್ನೇ ಸ್ವಲ್ಪ ಸ್ವಲ್ಪ ಬಿಗಿದೆ. ಹಚ್ಚಿದಾಗ ಪರದೆ ಕಪ್ಪಾಗಿಯೇ ಇತ್ತು. ನನ್ನ ಬದುಕೇ ಆರಿಹೋಯಿತೆಂದು ನಾನು ಚಂಪಕ್ಕನ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಕಿಂಡಿಯ ಮುಂದೆ ಕೈ ಹಿಡಿದಿದ್ದರು.

"ಉಸರಾಡಾಕತ್ತೈತಿ. ತಡೀ ಸುಮಿ, ಅದಕ್ಕ ಹೊಸಾ ತಲಿ. ಗುರ್ತ ಹಿಡೀಬೇಕಲ್ಲ."

ಪರದೆ ಬೆಳಗಿತು. ಆದರೆ ನನಗೆ ಅದಕ್ಕಿಂತ ಹೆಚ್ಚಾಗಿ ಕೇಳಿಸಿದ್ದು ಆ "ಸುಮಿ". ಸುಮಿತ್ರಾ ಎಂಬ ನನ್ನ ಹೆಸರನ್ನು ಹಾಗೆ ಮೊಟಕು ಮಾಡಿ ಕರೆಯುವವರು ಯಾರೂ ಉಳಿದಿರಲಿಲ್ಲ.

ಅಂದಿನಿಂದ ಎಂಟು ತಿಂಗಳು ನಾನು ದಿನಾ ಮಧ್ಯಾಹ್ನ ಅವರ ಅಂಗಡಿಗೆ ಹೋದೆ. ರೋಗ ಕಂಡುಹಿಡಿಯುವುದು ಅವರು, ಸೂಕ್ಷ್ಮ ಕೆಲಸ ಮಾಡುವುದು ನಾನು. ಗಿರಾಕಿ ಇದ್ದಾಗ ಅವರು ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ, ನನಗೂ ಹಚ್ಚಗೊಡುತ್ತಿರಲಿಲ್ಲ. "ಇಟ್ಟ ಹೋಗ್ರಿ, ನಾಳಿ ಬರ್ರಿ" ಎನ್ನುತ್ತಿದ್ದರು. ಆ ಗುಟ್ಟನ್ನು ಕಾಯಬೇಕೆಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದರು. ಗಿರಣಿಯ ಸದ್ದು ನಿಂತ ಮೇಲೆ ಇಬ್ಬರೂ ಹಿಂದಿನ ಕೋಣೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆವು. "ಇಬ್ರಿಗಾದ್ರ ಪಲ್ಯಾ ಮಾಡಾಕ ಮನಸ ಬರತೈತಿ ನೋಡು," ಎಂದರು ಒಂದು ದಿನ. ಅವರು ತಮ್ಮ ಬಗ್ಗೆ ಆಡಿದ ಮಾತು ಬಹುಶಃ ಅದೊಂದೇ.

ಆಮೇಲೆ ನಡೆದದ್ದನ್ನು ಬರೆಯಲು ಈಗಲೂ ಕಷ್ಟ.

ಅಂದು ಚಂಪಕ್ಕ ಸಾಮಾನು ತರಲು ಗದಗಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಶಿರಹಟ್ಟಿಯ ಕಡೆಯ ಒಬ್ಬ ಮಾಸ್ತರರು ಬಂದರು. ನಾನು ಸೊರಟೂರಿಗೆ ಹೋಗಿ ಒಂದು ವಾರ ಉಳಿದದ್ದರಿಂದ ಅವರ ಲ್ಯಾಪ್‌ಟಾಪಿನ ಕೆಲಸ ಹಾಗೇ ಬಿದ್ದಿತ್ತು.

"ಹತ್ತ ದಿನಾ ಆತು! ಹೆಂಗಸ್ರ ಕೈಯಾಗ ಮಶೀನ್ ಕೊಟ್ರ ಹಿಂಗ ಆಗೂದು. ಬರೂದಿಲ್ಲಂದ್ರ ಯಾಕ ಇಟ್ಕೊಬೇಕು?"

ನನಗೆ ಸಿಟ್ಟು ನೆತ್ತಿಗೇರಿತು.

"ಬರೂದಿಲ್ಲ ಅಂತಲ್ರಿ ಸರ್. ಪಾಪ, ಅವರ ಕೈ ನಡಗತಾವ್ರಿ. ಸಣ್ಣ ಕೆಲಸೆಲ್ಲಾ ಈಗ ನಾನ ಮಾಡೂದು. ನಾ ಊರಾಗ ಇರಲಿಲ್ಲ, ಅದಕ್ಕ ತಡಾ ಆತು."

ಮಾಸ್ತರರು ಕೂಡಲೇ ಮೆತ್ತಗಾದರು. "ಹೌದೇನ್ರಿ? ಛೇ, ಗೊತ್ತಿರಲಿಲ್ಲ ಬಿಡ್ರಿ," ಎಂದು ಹೋದರು. ಚಂಪಕ್ಕನ ಮಾನ ಉಳಿಸಲು ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಅಂದರೆ, "ನಾನ ಮಾಡೂದು" ಎನ್ನುವಾಗ ನನ್ನ ದನಿಯಲ್ಲಿ ಒಂದು ಹಮ್ಮು ಇತ್ತು. ಯಾವುದರಲ್ಲೂ ಗೆಲ್ಲದವಳಿಗೆ ಒಂದು ವಿದ್ಯೆ ಕೈಗೆ ಹತ್ತಿತ್ತು, ಅದನ್ನು ಯಾರಿಗಾದರೂ ಹೇಳಬೇಕಿತ್ತು.

ಮಾಸ್ತರರು ಕೆಟ್ಟವರಲ್ಲ. ಕನಿಕರದಿಂದಲೇ ನಾಲ್ಕು ಮಂದಿಗೆ ಹೇಳಿರಬೇಕು. ಬರುವವರು ಕಡಿಮೆಯಾದರು. ಒಂದು ದಿನ ಹಳೆಯ ಗಿರಾಕಿಯೊಬ್ಬರು ಬಂದು, ಕೆಲಸಕ್ಕೆ ಬಿಟ್ಟಿದ್ದ ಲ್ಯಾಪ್‌ಟಾಪ್ ಹಾಗೇ ವಾಪಸ್ ಕೊಡಿ ಎಂದರು.

"ಅಕ್ಕಾರ, ನಿಮ್ಮ ಕೈ ನಡಗತಾವಂತಲ್ಲ, ಖರೆ ಏನ್ರಿ? ಈ ಬಾಯಾರ ಹೇಳಿದ್ರಂತ," ಎಂದು ನನ್ನ ಕಡೆ ಕೈ ತೋರಿಸಿದರು. "ಆರಾಮ ತಗೋರಿ ಇನ್ನ."

ಚಂಪಕ್ಕ ಅವರ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಸುಮಿತ್ರಾ ಅವರ, ಇವರ ಲ್ಯಾಪ್‌ಟಾಪ್ ತಗದ ಕೊಡ್ರಿ."

ಕೊಡ್ರಿ. ಎಂಟು ತಿಂಗಳಾದ ಮೇಲೆ ನಾನು ಮತ್ತೆ "ನೀವು" ಆದೆ. ಬೈದಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ. ಮರುದಿನ ಹೋದಾಗ, "ನಿಮ್ಮ ಟೈಪಿಂಗ್ ಕೆಲಸ ಹಿಂದ ಬೀಳತೈತ್ರಿ, ಇಲ್ಲಿ ಯಾಕ ಕುಂಡ್ರತೀರಿ?" ಎಂದರು. ಸ್ಟೂಲು ಗೋಡೆಯ ಕಡೆಗೆ ಹೋಗಿತ್ತು. ಎರಡು ತಿಂಗಳಿಗೆ ಅಂಗಡಿ ಮುಚ್ಚಿ, ಹಿರೇವಡ್ಡಟ್ಟಿಯಲ್ಲಿದ್ದ ಅಣ್ಣನ ಮಗಳ ಮನೆಗೆ ಹೋದರು. ಹೋಗುವ ದಿನ ನನಗೆ ತಿಳಿಸಲಿಲ್ಲ. ಬಳೆ ಅಂಗಡಿಯವರು ಹೇಳಿದರು.

ಅವರನ್ನು ನೋಡಲು ಧೈರ್ಯ ಬರುವಷ್ಟರಲ್ಲಿ ಅರ್ಧ ವರ್ಷ ಕಳೆಯಿತು. ಮುಂಡರಗಿಯಲ್ಲಿ ಬಸ್ಸು ಬದಲಿಸಿ ಹಿರೇವಡ್ಡಟ್ಟಿಗೆ ಇಳಿದಾಗ ಬಿಸಿಲು ಏರಿತ್ತು. ಚಂಪಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಒಂದು ಕಾಯಿ ಒಡೆಯಲು ಎರಡೂ ಕೈ ಬೇಕಾಗುತ್ತಿತ್ತು.

"ಬರ್ರಿ, ಕುಂಡ್ರಿ. ಬಿಸಲಾಗ ಬಂದೀರಲ್ಲ," ಎಂದರು.

"ತಪ್ಪಾತ್ರಿ ಅಕ್ಕಾರ," ಎಂದೆ.

ಅವರು ಕೈಯಲ್ಲಿದ್ದ ಶೇಂಗಾ ಸುಲಿದು ಮುಗಿಸಿದರು.

"ಇವತ್ತಿಲ್ಲ ನಾಳಿ ಮಂದಿಗೆ ಗೊತ್ತಾಗೂದ ಇತ್ತು. ಅದಕ್ಕೇನಿಲ್ರಿ. ಆದ್ರ ಅದು ನಾ ಹೇಳೂ ಮಾತಿತ್ತು. ನಾನ ಹೇಳಿ, ನಾನ ಬಾಗಲಾ ಹಾಕ್ಕೊಂಡು ಬರತಿದ್ದೆ." ಮತ್ತೆ ಇನ್ನೊಂದು ಕಾಯಿ ತೆಗೆದುಕೊಂಡರು. "ಊಟಾ ಮಾಡಿ ಹೋಗ್ರಿ."

ಊಟವಾಯಿತು. ಬಸ್ ನಿಲ್ದಾಣದವರೆಗೆ ಅವರೇ ಬಂದರು, ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟ ಬಟ್ಟೆ. ದಾರಿಯಲ್ಲಿ ಅದರ ಗಂಟು ಬಿಚ್ಚಿಹೋಯಿತು. ಕಲ್ಲಿನ ಮೇಲೆ ಇಟ್ಟು ಮತ್ತೆ ಕಟ್ಟತೊಡಗಿದರು. ಬಟ್ಟೆಯ ಎರಡು ತುದಿಗಳು ಬೆರಳಿಗೆ ಸಿಗುತ್ತಿದ್ದವು, ಜಾರುತ್ತಿದ್ದವು. ಅಷ್ಟರಲ್ಲಿ ಮುಂಡರಗಿಯ ಬಸ್ಸು ಬಂದು ನಿಂತಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ನಿಂತೆ. ಕಂಡಕ್ಟರ್ "ಬರ್ತೀರೇನ್ರಿ?" ಎಂದು ಕೂಗಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಬಸ್ಸು ಹೋಯಿತು.

ಕೊನೆಗೂ ಗಂಟು ಕಟ್ಟಿಯಾದಾಗ ಅವರು ತಲೆಯೆತ್ತಿ, ಖಾಲಿ ರಸ್ತೆ ನೋಡಿ, ನನ್ನನ್ನು ನೋಡಿದರು.

"ಇನ್ನೊಂದು ಎರಡ ತಾಸಿಗೆ ಐತಿ," ಎಂದರು.

ಬೇವಿನ ನೆರಳಿನಲ್ಲಿ ಇಬ್ಬರೂ ಕೂತೆವು. ಬಸ್ಸು ಬಂದಾಗ ಗಂಟನ್ನು ನನ್ನ ಮಡಿಲಿಗೆ ಹಾಕಿ, ನಾನು ಕಿಟಕಿಯ ಹತ್ತಿರ ಜಾಗ ಹಿಡಿಯುವಷ್ಟರಲ್ಲಿ ಊರ ಕಡೆ ತಿರುಗಿದ್ದರು. ಆ ವರ್ಷದ ಸುಗ್ಗಿಯಲ್ಲಿ ಅವರು ತೀರಿಕೊಂಡರೆಂದು ಅಣ್ಣನ ಮಗಳು ಫೋನ್ ಮಾಡಿದಾಗ, ನನಗೆ ಕಣ್ಣಿಗೆ ಕಟ್ಟಿದ್ದು ಆ ಬೆನ್ನು: ಎರಡೂ ಕೈ ಸೆರಗಿನೊಳಗೆ ಸೇರಿಸಿ, ಬಿಸಿಲಿನಲ್ಲಿ ನಿಧಾನವಾಗಿ, ಒಬ್ಬರೇ ನಡೆದು ಹೋಗುತ್ತಿದ್ದರು.